ಬಟವಾಡೆ ದುಡ್ಡು ತರಕಾರಿ ಗಾಡಿಗೆ ಹೋಗದಿರಲಿ



ಕಳೆದ ಬಟವಾಡೆಯಲ್ಲಿ ಬಂದ ದುಡ್ಡಿನಲ್ಲಿ ಇವತ್ತಿಗೆ ಎಷ್ಟು ಉಳಿದಿದೆ? ಪಶು ಆಹಾರದ ಚೀಲಕ್ಕೆ ಹೋಯಿತು, ಬೂಸಾಕ್ಕೆ ಹೋಯಿತು, ಸಾಲದ ಕಂತಿಗೆ ಹೋಯಿತು, ಮಕ್ಕಳ ಬಸ್ಸು, ಪುಸ್ತಕಕ್ಕೆ ಹೋಯಿತು. ಇವೆಲ್ಲ ನಮಗೆ ನೆನಪಿರುತ್ತವೆ. ನೆನಪಿಲ್ಲದೆ ಹೋಗುವ ಖರ್ಚು ಇನ್ನೊಂದಿದೆ. ಇಪ್ಪತ್ತು ರೂಪಾಯಿಗೆ ಕೊತ್ತಂಬರಿ, ಮೂವತ್ತಕ್ಕೆ ಸೊಪ್ಪು, ಅರ್ಧ ಕಿಲೋ ಟೊಮೆಟೊ, ಕಾಲು ಕಿಲೋ ಬೀನ್ಸ್, ಒಂದು ಹಿಡಿ ಹಸಿಮೆಣಸಿನಕಾಯಿ. ಸಂತೆಯ ದಿನ ಒಂದಿಷ್ಟು, ಬೀದಿಗೆ ಬರುವ ಗಾಡಿಯವನಿಗೆ ಒಂದಿಷ್ಟು. ಯಾರೂ ಬರೆದಿಡುವುದಿಲ್ಲ. ಹದಿನೈದು ದಿನ ನಾನು ಬರೆದಿಟ್ಟು ನೋಡಿದೆ. ನಮ್ಮ ಐದು ಜನರ ಮನೆಯಲ್ಲಿ ಬರೀ ತರಕಾರಿ ಸೊಪ್ಪಿಗೇ 680 ರೂಪಾಯಿ ಆಗಿತ್ತು. ಅದೂ ಕೈ ಬಿಗಿಹಿಡಿದು ಮಾಡಿದ ಖರ್ಚು.

ನಾನು ಕೋಲಾರ ಜಿಲ್ಲೆಯ ಹಳ್ಳಿಯೊಂದರ ಮಹಿಳಾ ಸಂಘದ ಸದಸ್ಯೆ. ಎರಡು ಹಸು ಕಟ್ಟಿದ್ದೇನೆ. ನಮ್ಮ ಜಿಲ್ಲೆಯ ಟೊಮೆಟೊ ಇಡೀ ದೇಶಕ್ಕೆ ಹೋಗುತ್ತದೆ ಎಂದು ನಿಮಗೆಲ್ಲ ಗೊತ್ತು. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಆಗ ನಮ್ಮೂರಿನಲ್ಲೇ, ಟೊಮೆಟೊ ಬೆಳೆಯುವ ಊರಿನಲ್ಲೇ, ಹೆಂಗಸರು ಸಾರಿಗೆ ಹುಣಸೆಹಣ್ಣು ಹಾಕಿಕೊಂಡು ಕಾಲ ಕಳೆದರು. ಬೆಲೆ ಬಿದ್ದ ವರ್ಷ ಅದೇ ಟೊಮೆಟೊವನ್ನು ರಸ್ತೆ ಬದಿಗೆ ಸುರಿದದ್ದನ್ನೂ ನಾವು ನೋಡಿದ್ದೇವೆ. ಬೆಲೆ ಏರಿದರೂ ಇಳಿದರೂ ಅದು ನಮ್ಮ ಕೈಯಲ್ಲಿಲ್ಲ. ಹಿತ್ತಲಿನಲ್ಲಿ ನಾಲ್ಕು ಗಿಡ ಇದ್ದವಳು ಮಾತ್ರ ಆ ಜುಲೈಯಲ್ಲಿ ಬೆಲೆ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಅಂಥವಳು ಒಬ್ಬಳೇ ಇದ್ದಳು. ಅವಳು ನಾನಲ್ಲ. ಅದಕ್ಕೇ ಈ ಲೇಖನ.

ಹಸು ಕಟ್ಟಿದ ಹೆಣ್ಣುಮಗಳು ತರಕಾರಿಯನ್ನೆಲ್ಲ ದುಡ್ಡು ಕೊಟ್ಟು ತರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪೇಟೆಯವರು ಮಹಡಿ ಮೇಲೆ ಕುಂಡ ಇಟ್ಟು, ಗೊಬ್ಬರದ ಪೊಟ್ಟಣಕ್ಕೆ ದುಡ್ಡು ಕೊಟ್ಟು ಸೊಪ್ಪು ಬೆಳೆಯುತ್ತಾರೆ. ನಮ್ಮಲ್ಲಿ ತಿಪ್ಪೆ ಇದೆ. ಒಂದು ಸೀಮೆಹಸು ದಿನಕ್ಕೆ ಹಾಕುವ ಸಗಣಿ ಹತ್ತು ಹದಿನೈದು ಕಿಲೋಗೆ ಕಡಿಮೆಯಿಲ್ಲ. ಗಂಜಲ ಇದೆ. ಕೊಟ್ಟಿಗೆ ತೊಳೆದ ನೀರು, ಪಾತ್ರೆ ತೊಳೆದ ನೀರು ದಿನಾ ಚರಂಡಿಗೆ ಹರಿಯುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ಮೆಂತ್ಯ ಸೊಪ್ಪಿಗೆ ಚಿಲ್ಲರೆ ಹುಡುಕುತ್ತೇವೆ.

ಲೆಕ್ಕ ಹಾಕಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯ ಪ್ರಕಾರ ಒಬ್ಬ ಮನುಷ್ಯ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ತಿನ್ನಬೇಕು. ಐದು ಜನರ ಮನೆಗೆ ದಿನಕ್ಕೆ 2 ಕಿಲೋ, ತಿಂಗಳಿಗೆ 60 ಕಿಲೋ. ಕಿಲೋಗೆ 40 ರೂಪಾಯಿ ಎಂದು ಹಿಡಿದರೂ 2,400 ರೂಪಾಯಿ ಆಯಿತು. ಹಾಲಿಗೆ ಲೀಟರಿಗೆ 35 ರೂಪಾಯಿ ಸಿಗುತ್ತದೆ ಎಂದುಕೊಂಡರೆ ಇದು ಸುಮಾರು 69 ಲೀಟರ್ ಹಾಲಿನ ದುಡ್ಡು.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಹಾಲಿನ ಒಂದು ರೂಪಾಯಿಯಲ್ಲಿ ಹಿಂಡಿ, ಬೂಸಾ, ಮೇವು, ಔಷಧಿ ಕಳೆದರೆ ಎಂಟಾಣೆ ಉಳಿದರೆ ಪುಣ್ಯ. ಹಾಗಾದರೆ 2,400 ರೂಪಾಯಿ ನಿಜವಾಗಿ ಕೈಗೆ ಸಿಗಬೇಕಾದರೆ ಸುಮಾರು 137 ಲೀಟರ್ ಹಾಲು ಹಾಕಬೇಕು. ಹಿತ್ತಲಿನಲ್ಲಿ ಉಳಿಸಿದ ರೂಪಾಯಿ ಹಾಗಲ್ಲ, ಬೀಜದ ಖರ್ಚು ಬಿಟ್ಟರೆ ಪೂರ್ತಿ ಉಳಿಯುತ್ತದೆ. ಬೇಕಾದದ್ದರಲ್ಲಿ ಅರ್ಧವನ್ನು ಮನೆಯಲ್ಲೇ ಬೆಳೆದರೂ ತಿಂಗಳಿಗೆ 1,200, ವರ್ಷಕ್ಕೆ 14,400 ರೂಪಾಯಿ. ಹಸುವಿನ ವಿಮೆ ಕಟ್ಟಲು ದುಡ್ಡಿಲ್ಲ ಎನ್ನುವ ನಾವು ಈ ದುಡ್ಡನ್ನು ನೋಡುತ್ತಲೇ ಇಲ್ಲ.

ಎಲ್ಲವನ್ನೂ ಮನೆಯಲ್ಲೇ ಬೆಳೆಯಿರಿ ಎಂದು ನಾನು ಹೇಳುವುದಿಲ್ಲ. ಅಡುಗೆ ಎಣ್ಣೆ, ಬೇಳೆ, ಸಕ್ಕರೆಯ ಬೆಲೆಗೆ ಹಿತ್ತಲಿನಲ್ಲಿ ಉತ್ತರ ಇಲ್ಲ. ಈರುಳ್ಳಿ, ಆಲೂಗಡ್ಡೆ ಜಾಗ ತಿನ್ನುತ್ತವೆ, ಅವನ್ನು ಕೊಂಡುಕೊಳ್ಳುವುದೇ ಸರಿ. ಬೇಗ ಬಾಡುವಂಥದ್ದು, ಬೆಲೆ ಕುಣಿಯುವಂಥದ್ದು, ದುಬಾರಿಯಾದಾಗ ನಾವು ತಿನ್ನುವುದನ್ನೇ ಬಿಡುವಂಥದ್ದು, ಈ ಮೂರನ್ನು ಬೆಳೆದುಕೊಂಡರೆ ಸಾಕು. ಸೊಪ್ಪು, ಕೊತ್ತಂಬರಿ, ಕರಿಬೇವು, ಹಸಿಮೆಣಸಿನಕಾಯಿ, ಟೊಮೆಟೊ, ಬದನೆ, ಬೆಂಡೆ, ಹೀರೆ, ಅವರೆ.

ತಿನ್ನುವುದನ್ನೇ ಬಿಡುವ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಸೊಪ್ಪು ದುಬಾರಿಯಾದರೆ ಮೊದಲು ಬಿಡುವವಳು ಯಾರು? ಗಂಡಸರಿಗೆ, ಮಕ್ಕಳಿಗೆ ಬಡಿಸಿ, ಪಾತ್ರೆಯ ತಳದ ನೀರು ಸಾರಿಗೆ ಮುದ್ದೆ ಅದ್ದಿಕೊಂಡು ಏಳುವವಳು ನಾವೇ. ನಮ್ಮ ಅಜ್ಜಿಯರು ದುಡ್ಡಿಲ್ಲದಿದ್ದರೂ ಸೊಪ್ಪು ತಿಂದರು. ಹೊಲದ ಬದುವಿನಲ್ಲಿ ಅಣ್ಣೆ, ಗೋಣಿ, ಗಣಿಕೆ, ಹೊನಗೊನ್ನೆ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ಇವತ್ತು ಬದುವಿಗೆಲ್ಲ ಕಳೆನಾಶಕ ಹೊಡೆದಿದ್ದೇವೆ. ಹಾಗೆ ಹೊಡೆದ ಜಾಗದ ಸೊಪ್ಪನ್ನು ಕೀಳಬೇಡಿ, ಅಲ್ಲಿನ ಹುಲ್ಲನ್ನು ಹಸುವಿಗೂ ಹಾಕಬೇಡಿ. ಹೊಲದಲ್ಲಿ ಕಳೆದುಕೊಂಡ ಸೊಪ್ಪನ್ನು ಹಿತ್ತಲಿಗಾದರೂ ತಂದುಕೊಳ್ಳಬೇಕು. ಸೊಪ್ಪಿನ ಜೊತೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ, ಊಟವಾದ ತಕ್ಷಣವೇ ಟೀ ಕುಡಿದರೆ ಅದು ಹಿಡಿಯದಂತೆ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಅಡುಗೆ ಮಾಡಿ, ಮೇವು ಕೊಯ್ದು, ಕೂಲಿಗೂ ಹೋಗಿ ಬಂದು, ಸಂಜೆ ಮತ್ತೆ ಹಾಲು ಕರೆಯುವವಳ ತಲೆಯ ಮೇಲೆ ಇನ್ನೊಂದು ಕೆಲಸವೇ ಎಂದು. ಈ ಪ್ರಶ್ನೆ ನ್ಯಾಯವಾದದ್ದು. ಕೈತೋಟ ಮಾಡಿ ಎಂದು ಉಪದೇಶ ಹೇಳುವವರು ಬಹಳ ಜನ, ನೀರು ಹೊರುವವರು ಯಾರು ಎಂದು ಕೇಳುವವರು ಕಡಿಮೆ. ಎಲ್ಲ ಕೆಲಸವೂ ಹೆಂಗಸಿನ ಮೇಲೆಯೇ ಬೀಳುವುದಾದರೆ ಇಂಥ ಕೈತೋಟ ಬೇಡ ಎಂದೇ ನಾನು ಹೇಳುತ್ತೇನೆ. ಅಗೆಯುವುದು, ಬೇಲಿ ಕಟ್ಟುವುದು, ಚಪ್ಪರ ಹಾಕುವುದು ಗಂಡಸರು ಮಾಡಲಿ. ಶಾಲೆಯಿಂದ ಬಂದ ಮಕ್ಕಳು ಎರಡು ಬಿಂದಿಗೆ ನೀರು ಹಾಕಲಿ, ಗಂಡುಮಗ ಕೂಡ. ಅತ್ತೆಯವರಿಗೆ ಬೀಜ ಕಾಯುವ ಕೆಲಸ ಇರಲಿ, ಅವರಷ್ಟು ಚೆನ್ನಾಗಿ ಅದನ್ನು ಯಾರೂ ಮಾಡಲಾರರು. ನಮ್ಮ ಪಾಲಿಗೆ ದಿನಕ್ಕೆ ಕಾಲು ಗಂಟೆ ಉಳಿಯಲಿ. ಅಷ್ಟು ಹೊತ್ತನ್ನು ನಾವು ಗಾಡಿಯವನ ಹತ್ತಿರ ಚೌಕಾಸಿ ಮಾಡುವುದರಲ್ಲೇ ಕಳೆಯುತ್ತೇವೆ.

ನಾನು ಮಾಡಿದ ತಪ್ಪುಗಳನ್ನೂ ಹೇಳುತ್ತೇನೆ. ನೀವು ಅವನ್ನು ಮತ್ತೆ ಮಾಡಬೇಕಾಗಿಲ್ಲ. ಮೊದಲ ವರ್ಷ ಒಂದೇ ದಿನ ಎಲ್ಲ ಬೀಜ ಚೆಲ್ಲಿದೆ. ಒಂದೇ ವಾರದಲ್ಲಿ ಮನೆ ತುಂಬ ದಂಟು, ಹಂಚಿದರೂ ಮುಗಿಯಲಿಲ್ಲ. ಆಮೇಲೆ ಎರಡು ತಿಂಗಳು ಏನೂ ಇಲ್ಲ. ಎರಡನೆಯದು, ಹಸಿ ಸಗಣಿಯನ್ನೇ ಪಾತಿಗೆ ಹಾಕಿದೆ. ಗೊಣ್ಣೆಹುಳು ಬಂದು ಬದನೆ ಗಿಡದ ಬೇರು ತಿಂದು ಹಾಕಿತು. ಮೂರನೆಯದು, ಫಿನಾಯಿಲ್ ಹಾಕಿ ತೊಳೆದ ಕೊಟ್ಟಿಗೆಯ ನೀರನ್ನು ಹಾಗೇ ಮೆಂತ್ಯದ ಪಾತಿಗೆ ಬಿಟ್ಟೆ, ಸೊಪ್ಪು ಸುಟ್ಟುಹೋಯಿತು. ಉಳಿದಿದ್ದನ್ನು ಪಕ್ಕದ ಮನೆಯ ಮೇಕೆ ಮುಗಿಸಿತು. ಆ ವರ್ಷ ನಮ್ಮ ಯಜಮಾನರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಈಗ ಮಾಡುವ ಕ್ರಮ ಹೀಗಿದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಮೊದಲಿಗೆ ಅಷ್ಟೂ ಬೇಡ, ಅರ್ಧ ಗುಂಟೆ ಸಾಕು. ಮೊದಲು ಬೇಲಿ, ಆಮೇಲೆ ಬೀಜ. ಬೇಲಿಗೆ ಲಂಟಾನ ಗಿಡ ಬೇಡ, ದನಕ್ಕೆ ಅದು ವಿಷ. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಆರು ಪಾತಿ ಮಾಡಿಕೊಳ್ಳಿ. ಎರಡು ಪಾತಿ ಸೊಪ್ಪಿಗೆ, ಉಳಿದ ನಾಲ್ಕು ಟೊಮೆಟೊ, ಬದನೆ, ಮೆಣಸು, ಬೆಂಡೆಗೆ. ಒಂದು ಪಾತಿಯಲ್ಲಿ ಈ ಸಲ ಟೊಮೆಟೊ ಇದ್ದರೆ ಮುಂದಿನ ಸಲ ಅಲ್ಲಿ ಬದನೆ, ಮೆಣಸು ಬೇಡ, ಮೂರೂ ಒಂದೇ ಜಾತಿಯವು, ರೋಗವೂ ಒಂದೇ. ಬೇಲಿಯ ಉದ್ದಕ್ಕೂ ಹೀರೆ, ಹಾಗಲ, ತೊಂಡೆ, ಚಪ್ಪರದವರೆ ಹಬ್ಬಿಸಿ. ಸೋರೆ, ಕುಂಬಳಕ್ಕೆ ತಿಪ್ಪೆಯ ಅಂಚೇ ಒಳ್ಳೆಯ ಜಾಗ.

ಸೊಪ್ಪಿನ ಪಾತಿಯನ್ನು ಒಂದೇ ಸಲ ಬಿತ್ತಬೇಡಿ. ನಾನು ಒಂದು ಗುರುತು ಇಟ್ಟುಕೊಂಡಿದ್ದೇನೆ. ಬಟವಾಡೆ ಬಂದ ದಿನ ಒಂದು ಮೊಳಗಟ್ಟಲೆ ಜಾಗಕ್ಕೆ ಸೊಪ್ಪಿನ ಬೀಜ. ಮುಂದಿನ ಬಟವಾಡೆಗೆ ಅದರ ಪಕ್ಕಕ್ಕೆ. ದಂಟು, ಮೆಂತ್ಯ ಬಿತ್ತಿದ ಇಪ್ಪತ್ತೈದು ಮೂವತ್ತು ದಿನಕ್ಕೆ ಕೈಗೆ ಬರುತ್ತವೆ, ಹಾಗಾಗಿ ಒಂದು ಕಡೆ ಕೀಳುವಾಗ ಇನ್ನೊಂದು ಕಡೆ ಬೆಳೆಯುತ್ತಿರುತ್ತದೆ. ದಿನ ನೆನಪಿಡುವ ಕಷ್ಟವೂ ಇಲ್ಲ, ಬಟವಾಡೆ ದಿನವನ್ನು ನಮ್ಮಲ್ಲಿ ಯಾರು ಮರೆಯುತ್ತಾರೆ?

ಒಂದು ಸಲ ನೆಟ್ಟರೆ ವರ್ಷಗಟ್ಟಲೆ ಕೊಡುವ ಗಿಡಗಳನ್ನು ಮೊದಲು ನೆಡಿ. ಕರಿಬೇವು, ನುಗ್ಗೆ, ನಿಂಬೆ, ಪಪ್ಪಾಯಿ, ಚಕ್ರಮುನಿ, ಬಸಳೆ. ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ. ಅಗಸೆಯನ್ನು ಮರೆಯಬೇಡಿ. ಅದರ ಸೊಪ್ಪು, ಹೂವು ನಮಗೂ ಆಗುತ್ತದೆ, ಸೊಪ್ಪು ಹಸುವಿಗೆ ಒಳ್ಳೆಯ ಮೇವು. ನುಗ್ಗೆ ಸೊಪ್ಪೂ ಹಾಗೆಯೇ. ಬಾಳೆ ಎಲೆ, ಹೀರೆಕಾಯಿ ಸಿಪ್ಪೆ, ಬಲಿತ ದಂಟು ಕೊಟ್ಟಿಗೆಗೆ ಹೋಗುತ್ತದೆ, ಸಗಣಿಯಾಗಿ ಪಾತಿಗೆ ವಾಪಸು ಬರುತ್ತದೆ. ಟೊಮೆಟೊ ಗಿಡ ಕಿತ್ತಾಗ ಮಾತ್ರ ಹಸುವಿಗೆ ಹಾಕಬೇಡಿ, ತಿಪ್ಪೆಗೆ ಹಾಕಿ.

ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಮೂರು ನಾಲ್ಕು ತಿಂಗಳಾಗಿ, ಕಪ್ಪಗೆ, ಪುಡಿಪುಡಿಯಾಗಿ, ವಾಸನೆ ಹೋದ ಗೊಬ್ಬರ ಪಾತಿಗೆ ಎರಡು ಮಂಕರಿ ಸಾಕು. ಗೋಬರ್ ಗ್ಯಾಸ್ ಇದ್ದವರಿಗೆ ಅದರ ಬಗ್ಗಡ ಇನ್ನೂ ಒಳ್ಳೆಯದು. ಗಂಜಲವನ್ನು ಹಾಗೇ ಹಾಕಬಾರದು, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ. ಜೀವಾಮೃತ ಮಾಡುವವರು ಕೈತೋಟಕ್ಕೆ 1 ಕಿಲೋ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 20 ಲೀಟರ್ ನೀರಿನ ಲೆಕ್ಕದಲ್ಲಿ ಕಲಸಿ, ಎರಡು ದಿನ ನೆರಳಲ್ಲಿಟ್ಟು, ದಿನಕ್ಕೆರಡು ಸಲ ತಿರುವಿ ಬಳಸಬಹುದು. ಒಂದು ವಾರದೊಳಗೆ ಮುಗಿಸಿ.

ನೀರಿನ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಬುದ್ಧಿ ಹೇಳಬೇಕಾಗಿಲ್ಲ. ಬೋರ್‌ವೆಲ್ ಬತ್ತಿದ್ದನ್ನು ಕಂಡವರು ನಾವು. ಹಾಲಿನ ಪಾತ್ರೆಯನ್ನು ಮೊದಲ ಸಲ ತೊಳೆದ ನೀರು, ಅಕ್ಕಿ ಬೇಳೆ ತೊಳೆದ ನೀರನ್ನು ಒಂದು ಬಕೆಟ್ಟಿಗೆ ಸುರಿಯುತ್ತ ಹೋಗಿ, ಸಂಜೆಗೆ ಒಂದು ಪಾತಿಗೆ ಆಗುತ್ತದೆ. ಸೋಪಿನ ನೀರು ಬಾಳೆಗೆ ಮಾತ್ರ, ಸೊಪ್ಪಿಗೆ ಬೇಡ. ಬುಡಕ್ಕೆ ಒಣಹುಲ್ಲು, ದನ ಬಿಟ್ಟ ಮೇವಿನ ಕಡ್ಡಿ ಮುಚ್ಚಿದರೆ ನೀರು ಅರ್ಧದಷ್ಟು ಸಾಕೆನಿಸುತ್ತದೆ. ಬೇಸಿಗೆಯಲ್ಲಿ ತೋಟ ಕುಗ್ಗುತ್ತದೆ, ಬಸಳೆ, ನುಗ್ಗೆ, ಬೆಂಡೆ ಇದ್ದರೆ ಅದೇ ದೊಡ್ಡದು. ಆ ಎರಡು ತಿಂಗಳು ಸಂತೆಗೆ ಹೋದರೆ ಸೋತೆವು ಎಂದುಕೊಳ್ಳಬೇಡಿ.

ಹಿತ್ತಲೇ ಇಲ್ಲದವರು ಏನು ಮಾಡಬೇಕು? ಪಶು ಆಹಾರದ ಖಾಲಿ ಚೀಲ ಪ್ರತಿ ಮನೆಯಲ್ಲೂ ಇದೆ. ಚೀಲವನ್ನು ಅರ್ಧಕ್ಕೆ ಮಡಚಿ, ತಳದಲ್ಲಿ ನಾಲ್ಕು ತೂತು ಮಾಡಿ, ಅರ್ಧ ಮಣ್ಣು ಅರ್ಧ ಕಳಿತ ಗೊಬ್ಬರ ತುಂಬಿ, ಬಿಸಿಲು ಬೀಳುವ ಗೋಡೆ ಪಕ್ಕ ಇಡಿ. ಒಂದು ಚೀಲಕ್ಕೆ ಒಂದು ಟೊಮೆಟೊ, ಇಲ್ಲ ಎರಡು ಮೆಣಸಿನ ಗಿಡ. ಹತ್ತು ಚೀಲ ಇಟ್ಟರೆ ಮೆಣಸು, ಟೊಮೆಟೊ, ಕೊತ್ತಂಬರಿಯ ಚಿಂತೆ ತಕ್ಕಮಟ್ಟಿಗೆ ಇಳಿಯುತ್ತದೆ. ಬಿಸಿಲಿಗೆ ಚೀಲ ಒಂದೆರಡು ವರ್ಷದಲ್ಲಿ ಹರಿಯುತ್ತದೆ, ಆಗ ಬದಲಿಸಿ.

ಹೇನು ಕಂಡರೆ ಬೆಳಿಗ್ಗೆ ಇಬ್ಬನಿ ಇರುವಾಗ ಒಲೆಯ ಬೂದಿ ಎರಚಿ. ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಹೊಲಕ್ಕೆ ತಂದು ಮಿಕ್ಕ ಕೀಟನಾಶಕವನ್ನು ಮನೆಯ ತರಕಾರಿಗೆ ಹೊಡೆಯಲೇಬೇಡಿ. ಮಕ್ಕಳು ಕಿತ್ತು ಹಾಗೇ ಬಾಯಿಗೆ ಹಾಕಿಕೊಳ್ಳುವ ಟೊಮೆಟೊ ಅದು.

ಬೀಜದ ಬಗ್ಗೆ ಒಂದು ಮಾತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸುಗುಣ ದಂಟನ್ನು ಹಲವು ಸಲ ಕೊಯ್ಯಬಹುದು. ಬೆಂಡೆಯಲ್ಲಿ ಅರ್ಕಾ ಅನಾಮಿಕಾ, ಟೊಮೆಟೊದಲ್ಲಿ ಎಲೆ ಮುರುಟು, ಸೊರಗು ರೋಗ ತಡೆಯುವ ಅರ್ಕಾ ರಕ್ಷಕ್ ಇವೆ. ರಕ್ಷಕ್ ಹೈಬ್ರಿಡ್ ತಳಿ, ಅದರ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ. ನಾಟಿ ಬೀಜದಲ್ಲಿ ಆ ತೊಂದರೆ ಇಲ್ಲ. ನಮ್ಮ ಅತ್ತೆ ಹೀರೆ, ಸೋರೆ, ಅವರೆ ಬೀಜವನ್ನು ಬೂದಿ ಬೆರೆಸಿ ಡಬ್ಬದಲ್ಲಿಡುತ್ತಾರೆ. ಒಂದು ಬಳ್ಳಿಯ ಮೊದಲ ಒಳ್ಳೆ ಕಾಯನ್ನು ಬೀಜಕ್ಕೆ ಬಿಡಬೇಕು, ಕೊನೆಯ ಸಪ್ಪೆ ಕಾಯನ್ನಲ್ಲ ಎಂದು ಅವರೇ ಕಲಿಸಿದ್ದು.

ಇನ್ನು ನನ್ನ ಮುಖ್ಯ ಮಾತು. ಡೇರಿಯಲ್ಲಿ ನಾವು ಹಾಲನ್ನು ಮಿಲಿ ಲೆಕ್ಕದಲ್ಲಿ ಅಳೆಸುತ್ತೇವೆ. ಫ್ಯಾಟು ಒಂದು ಪಾಯಿಂಟು ಕಡಿಮೆ ಬಂದರೆ ಮತ್ತೆ ನೋಡಿ ಎಂದು ಕೇಳುತ್ತೇವೆ. ಹಿತ್ತಲಿನಿಂದ ಅಡುಗೆಮನೆಗೆ ಬಂದದ್ದನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಅಳೆಯದ ದುಡಿಮೆಗೆ ಮನೆಯಲ್ಲಿ ಬೆಲೆ ಇಲ್ಲ. ಹಾಲಿನ ಪಾಸ್‌ಬುಕ್ಕಿನ ಜೊತೆ ಒಂದು ಸಣ್ಣ ನೋಟು ಪುಸ್ತಕ ಇಡಿ. ಇವತ್ತು ಬದನೆ ಅರ್ಧ ಕಿಲೋ, ದಂಟು ಎರಡು ಕಟ್ಟು, ಕರಿಬೇವು ಒಂದು ಹಿಡಿ, ಸಂತೆಯ ದರ ಇಷ್ಟು ಎಂದು ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಕೂಡಿಸಿ. ಬಂದ ಮೊತ್ತದಲ್ಲಿ ಅರ್ಧವನ್ನಾದರೂ ಬಟವಾಡೆ ದಿನವೇ ನಿಮ್ಮ ಹೆಸರಿನ ಖಾತೆಗೆ, ಇಲ್ಲ ಸ್ವಸಹಾಯ ಸಂಘದ ಉಳಿತಾಯಕ್ಕೆ ಹಾಕಿ. ಹಾಗೆ ಬೇರೆ ಇಡದಿದ್ದರೆ ಉಳಿದ ದುಡ್ಡು ಎಲ್ಲಿ ಹೋಯಿತೆಂದು ತಿಳಿಯುವುದೇ ಇಲ್ಲ. ಮೊದಲು ಹೇಳಿದೆನಲ್ಲ, ನಮ್ಮ ಮನೆಯಲ್ಲಿ ಹದಿನೈದು ದಿನಕ್ಕೆ 680 ರೂಪಾಯಿ ಎಂದು. ಈಗ ಮಳೆಗಾಲ, ಚಳಿಗಾಲದಲ್ಲಿ ಅದು 250ರ ಆಸುಪಾಸಿಗೆ ಇಳಿದಿದೆ. ಸೊಪ್ಪು ಮೊದಲಿಗಿಂತ ಹೆಚ್ಚೇ ತಿನ್ನುತ್ತಿದ್ದೇವೆ. ಪುಸ್ತಕ ತೋರಿಸಿದ ಮೇಲೆ ನಮ್ಮ ಯಜಮಾನರು ನಗುವುದನ್ನು ಬಿಟ್ಟು ಎರಡನೇ ಚಪ್ಪರಕ್ಕೆ ಗಳ ತಂದರು.

ತರಕಾರಿ ದುಡ್ಡು ಉಳಿದರೆ ಇನ್ನೂ ಒಂದು ಕೆಲಸ ಆಗಬೇಕು. ಲೀಟರು ಕಡಿಮೆಯಾಗುತ್ತದೆಂದು ಕ್ಯಾನು ಬಗ್ಗಿಸಿ ಪೂರ್ತಿ ಡೇರಿಗೆ ಹಾಕಿ, ಮಕ್ಕಳಿಗೆ ಕರಿ ಟೀ ಕೊಡುವ ಮನೆಗಳು ನಮ್ಮಲ್ಲೇ ಇವೆ. ಒಕ್ಕೂಟದ ಪತ್ರಿಕೆಯಲ್ಲೇ ಇದನ್ನು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಹಿತ್ತಲು ಉಳಿಸಿದ ದುಡ್ಡಿನ ಧೈರ್ಯದಲ್ಲಿ ದಿನಕ್ಕೆ ಅರ್ಧ ಲೀಟರ್ ಹಾಲನ್ನಾದರೂ ಮನೆಯಲ್ಲಿ ಉಳಿಸಿಕೊಳ್ಳಿ.

ಸಂಘಗಳಿಗೂ ಒಂದು ಮನವಿ ಇದೆ. ಮೇವಿನ ಬೀಜ ಹಂಚುವಾಗ ಜೊತೆಗೆ ನಾಲ್ಕು ಬಗೆಯ ಸೊಪ್ಪು, ತರಕಾರಿ ಬೀಜದ ಪೊಟ್ಟಣವನ್ನೂ ತರಿಸಿಕೊಡಿ. ಖರ್ಚು ದೊಡ್ಡದೇನಲ್ಲ. ಕೃಷಿ ವಿಜ್ಞಾನ ಕೇಂದ್ರದವರನ್ನು, ತೋಟಗಾರಿಕೆ ಇಲಾಖೆಯವರನ್ನು ಮುಂಗಾರಿಗೆ ಮುಂಚೆ ಒಂದು ದಿನ ಕರೆಸಿ. ಈ ವಿಷಯ ವಾರ್ಷಿಕ ಮಹಾಸಭೆಯಲ್ಲಿ ಬರಬೇಕಾದರೆ ಎದ್ದು ಕೇಳಬೇಕಾದವರು ನಾವು, ಸದಸ್ಯೆಯರು. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಬೆಳಿಗ್ಗೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಒಬ್ಬಳು ಹೀರೆ ಬೀಜ ತರಲಿ, ಇನ್ನೊಬ್ಬಳು ಬಸಳೆ ಕಡ್ಡಿ ತರಲಿ. ನಮ್ಮ ಸಂಘದಲ್ಲಿ ಹೀಗೆ ಶುರುವಾಗಿದೆ.

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹೇಳುತ್ತದೆ. ಕಣ್ಣೆದುರೇ ಇರುವುದಕ್ಕೆ ಬೆಲೆ ಕೊಡದ ನಮ್ಮನ್ನು ನೋಡಿಯೇ ಹಿರಿಯರು ಹಾಗೆ ಹೇಳಿರಬೇಕು. ಬರುವ ಬಟವಾಡೆಯ ದಿನ ಒಂದು ಪೊಟ್ಟಣ ಮೆಂತ್ಯವೋ ದಂಟೋ ತಂದು, ತಿಪ್ಪೆಯ ಪಕ್ಕ ಒಂದೇ ಒಂದು ಪಾತಿ ಮಾಡಿ ಬಿತ್ತಿ. ಅದಾದ ಎರಡನೇ ಬಟವಾಡೆಯ ಹೊತ್ತಿಗೆ ನಿಮ್ಮ ಮನೆಯ ಸೊಪ್ಪಿನ ಸಾರು ಹೇಗಿತ್ತು ಎಂದು ಡೇರಿಯ ಸಾಲಿನಲ್ಲಿ ಪಕ್ಕದವಳಿಗೆ ಹೇಳಿ.